‘ದಾಖಲೆ ಸಿಗಲಿಲ್ಲ’ ಅಂದರೆ ನೀವು ಇಲ್ಲ ಅಂತಲ್ಲ

ಸರ್ಕಾರದ ಯಾವ ವೆಬ್‌ಸೈಟ್ ತೆರೆದರೂ ‘ಹುಡುಕಿ’ ಅನ್ನುವ ಗುಂಡಿ ಇರುತ್ತದೆ. ಹೇಗೆ ಹುಡುಕಬೇಕು ಅಂತ ನೆಟ್ಟಗೆ ತಿಳಿಸುವ ನಾಲ್ಕು ಸಾಲು ಮಾತ್ರ ಅಪರೂಪ. ಇದ್ದರೂ ಅದು ಆ ವೆಬ್‌ಸೈಟ್ ಮಾಡಿದವರಿಗೇ ಅರ್ಥವಾಗುವ ಭಾಷೆಯಲ್ಲಿರುತ್ತದೆ. ಇದನ್ನು ಸಣ್ಣ ಕೊರತೆ ಅಂತ ನಾವು ಒಪ್ಪುವುದಿಲ್ಲ. ದಾಖಲೆ ಕಂಪ್ಯೂಟರಿನಲ್ಲಿದ್ದು ಜನರ ಕೈಗೆ ಸಿಗದಿದ್ದರೆ, ಅದು ಬೀಗ ಹಾಕಿದ ಬೀರುವಿನಲ್ಲಿದ್ದ ಹಾಗೆಯೇ. ಬೀಗದ ಕೈ ಎಲ್ಲಿದೆ ಅಂತ ಬರೆದಿಡುವುದು ಬೀರು ಇಟ್ಟವರ ಕೆಲಸ.

ಪುಲಿಕೇಶಿನಗರದ ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಊರುಗಳಿಂದ ಬೆಂಗಳೂರಿಗೆ ಹೋಗಿ ಗಾರೆ ಕೆಲಸ, ಮನೆಗೆಲಸ, ಡ್ರೈವರ್ ಕೆಲಸ ಮಾಡುವವರು ಈ ಪೂರ್ವ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಜಾಗದ ಹೆಸರೇ ಹುಡುಕುವವರಿಗೆ ಮೊದಲ ಪರೀಕ್ಷೆ. ಹಳಬರ ಬಾಯಲ್ಲಿ ಇದು ಇನ್ನೂ ಫ್ರೇಜರ್ ಟೌನ್. ಸ್ಟುವರ್ಟ್ ಫ್ರೇಸರ್ ಹೆಸರಿನಲ್ಲಿ ಆದ ಬಡಾವಣೆ. ಇಂಗ್ಲಿಷಿನಲ್ಲಿ ಕೆಲವರು ‘ಎಸ್’ ಹಾಕುತ್ತಾರೆ, ಕೆಲವರು ‘ಜೆಡ್’ ಹಾಕುತ್ತಾರೆ. ಆಮೇಲೆ ಚಾಲುಕ್ಯ ದೊರೆಯ ಹೆಸರು ಬಂತು. ಅದನ್ನೂ ಒಬ್ಬರು ಪುಲಕೇಶಿ ಅಂತ ಬರೆದರೆ ಇನ್ನೊಬ್ಬರು ಪುಲಿಕೇಶಿ ಅಂತಾರೆ. ಮನುಷ್ಯರಿಗೆ ಇವೆಲ್ಲ ಒಂದೇ ಜಾಗ. ಕಂಪ್ಯೂಟರಿಗೆ ಹಾಗಂತ ಯಾರಾದರೂ ಹೇಳಿಕೊಡದಿದ್ದರೆ, ಇವು ಬೇರೆ ಬೇರೆ ಊರುಗಳು.

ಈಗ ಮುಖ್ಯ ವಿಷಯ. ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್, ಅಂತ ಎಲ್ಲರೂ ಕೇಳಿದ್ದೀರಿ. 2025ರಲ್ಲಿ ಬಿಹಾರದಲ್ಲಿ ಇದು ನಡೆದಾಗ 2003ರ ಪಟ್ಟಿಯನ್ನು ಆಧಾರ ಮಾಡಿಕೊಂಡರು. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆ ಆಗಿದ್ದು 2002ರಲ್ಲಿ. ಹಾಗಾಗಿ ಇಲ್ಲಿ ಎಲ್ಲರೂ 2002ರ ಪಟ್ಟಿಯಲ್ಲಿ ತಮ್ಮ ಹೆಸರನ್ನೋ ಅಪ್ಪ-ಅಮ್ಮನ ಹೆಸರನ್ನೋ ಹುಡುಕಬೇಕಾದ ಸ್ಥಿತಿ.

ಆ ಪಟ್ಟಿಯಲ್ಲಿ ‘ಪುಲಿಕೇಶಿನಗರ’ ಅಂತ ಹುಡುಕಿದರೆ ಏನು ಸಿಗುತ್ತದೆ? ಏನೂ ಸಿಗುವುದಿಲ್ಲ. ಯಾಕೆಂದರೆ ಆ ಹೆಸರಿನ ವಿಧಾನಸಭಾ ಕ್ಷೇತ್ರ ಹುಟ್ಟಿದ್ದೇ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಭಾರತಿನಗರ, ಜಯಮಹಲ್, ವರ್ತೂರು ಅಂತ ಕ್ಷೇತ್ರಗಳಿದ್ದವು. ಅವು ಈಗಿಲ್ಲ. ಇಪ್ಪತ್ತೈದು ವರ್ಷದಿಂದ ಅದೇ ಬೀದಿಯಲ್ಲಿ ವೋಟು ಹಾಕುತ್ತಿರುವ ಹೆಂಗಸು ತನ್ನ ಕ್ಷೇತ್ರದ ಹೆಸರನ್ನು ಸರಿಯಾಗಿಯೇ ಹೇಳಿದರೂ ಹಳೇ ಪಟ್ಟಿಯಲ್ಲಿ ಆಕೆ ಸಿಗುವುದಿಲ್ಲ. ತಪ್ಪು ಆಕೆಯದಲ್ಲ.

ಇದು ಬರೀ ಬೆಂಗಳೂರಿನ ಕಥೆ ಅಂದುಕೊಳ್ಳಬೇಡಿ. ಬನ್ನೂರು, ಕಿರುಗಾವಲು, ಸಾತನೂರು, ವೇಮಗಲ, ಬೇತಮಂಗಲ, ಕಮಲಾಪುರ, ಹುಲಸೂರು: ಇವೆಲ್ಲ 2002ರಲ್ಲಿ ಕ್ಷೇತ್ರಗಳಾಗಿದ್ದವು, 2008ರಲ್ಲಿ ಹೋದವು. ಜಿಲ್ಲೆಗಳೂ ಬದಲಾದವು. ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾಗಿದ್ದು 2007ರಲ್ಲಿ. ಕನಕಪುರದವರು 2002ರ ಪಟ್ಟಿಯನ್ನು ಬೆಂಗಳೂರು ಗ್ರಾಮಾಂತರದಲ್ಲಿ ನೋಡಬೇಕು, ಗೌರಿಬಿದನೂರಿನವರು ಕೋಲಾರದಲ್ಲಿ, ಶಹಾಪುರದವರು ಗುಲ್ಬರ್ಗದಲ್ಲಿ. ಆ ಗುಲ್ಬರ್ಗವೂ 2014ರಲ್ಲಿ ಕಲಬುರಗಿ ಆಯಿತು. 2002ರಲ್ಲಿ ಇನ್ನೂ ಮದುವೆಯಾಗದಿದ್ದವರು ಹುಡುಕಬೇಕಾದ್ದು ತವರಿನ ಪಟ್ಟಿಯಲ್ಲಿ, ಗಂಡನ ಊರಿನದರಲ್ಲಲ್ಲ.

ಇಷ್ಟನ್ನೂ ಒಂದು ಪುಟದಲ್ಲಿ ಬರೆಯಬಹುದು. ಹಳೇ ಕ್ಷೇತ್ರ, ಹೊಸ ಕ್ಷೇತ್ರ, ಅಂದಿನ ಜಿಲ್ಲೆ, ಇಂದಿನ ಜಿಲ್ಲೆ. ಊರಿಗೊಂದು ಸಾಲು. ‘ಹುಡುಕಿ’ ಗುಂಡಿಯ ಪಕ್ಕದಲ್ಲೇ ಇದು ಇರಬೇಕು. ಎಲ್ಲೋ ಮೂಲೆಯ ಪಿಡಿಎಫ್‌ನಲ್ಲಿ ಅಲ್ಲ.

ಈಗಿನ ಪಟ್ಟಿ ಹುಡುಕುವುದಕ್ಕೂ ಇದೇ ಮಾತು. ಚುನಾವಣಾ ಆಯೋಗದ ಪುಟದಲ್ಲಿ ಮೂರು ದಾರಿ ಇವೆ: ಎಪಿಕ್ ನಂಬರ್, ಮೊಬೈಲ್ ನಂಬರ್, ಹೆಸರು-ವಯಸ್ಸಿನ ವಿವರ. ಮೊಬೈಲ್ ದಾರಿ ಕೆಲಸ ಮಾಡುವುದು ನಿಮ್ಮ ನಂಬರ್ ಪಟ್ಟಿಗೆ ಜೋಡಣೆ ಆಗಿದ್ದರೆ ಮಾತ್ರ. ಎಪಿಕ್ ನಂಬರಿನಲ್ಲಿ ಮೊದಲು ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ ಒತ್ತಿದರೆ ಮುಗಿಯಿತು. ಹೆಸರಿನ ದಾರಿಯಂತೂ ಕೇಳಲೇಬೇಡಿ. ಪುಲಿಕೇಶಿನಗರದಲ್ಲಿ ಸೈಯದ್ ಇದ್ದಾರೆ, ಸಯ್ಯದ್ ಇದ್ದಾರೆ, ಸೈಯ್ಯದ್ ಇದ್ದಾರೆ. ತಮಿಳು ಮನೆಗಳಲ್ಲಿ ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ನಮ್ಮೂರಲ್ಲಿ ಲಕ್ಷ್ಮಮ್ಮ ಒಂದು ಕಾರ್ಡಿನಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ. ‘ಹೆಸರು ಸಿಗದಿದ್ದರೆ ಬೇರೆ ಕಾಗುಣಿತದಲ್ಲಿ ಹಾಕಿ ನೋಡಿ, ಗಂಡನ ಬದಲು ತಂದೆಯ ಹೆಸರು ಹಾಕಿ ನೋಡಿ’ ಅಂತ ಎರಡು ಸಾಲು ಬರೆಯುವುದಕ್ಕೆ ಎಷ್ಟು ಖರ್ಚಾಗುತ್ತದೆ?

ರೈತರಿಗೆ ಇದು ಹೊಸದಲ್ಲ. ಭೂಮಿ ಯೋಜನೆಯಲ್ಲಿ ಪಹಣಿ ನೋಡುವಾಗ ಸರ್ವೆ ನಂಬರ್ ಆದ ಮೇಲೆ ‘ಸರ್ನಾಕ್’ ಕೇಳುತ್ತದೆ. ಅದೇನು ಅಂತ ಎಷ್ಟು ಜನಕ್ಕೆ ಗೊತ್ತು? ನಿಮ್ಮ ಹಳೇ ಪಹಣಿಯಲ್ಲಿ 45/*/2 ಅಂತಿದ್ದರೆ 45 ಸರ್ವೆ ನಂಬರ್, ನಡುವಿನ ನಕ್ಷತ್ರ ಚಿಹ್ನೆಯೇ ಸರ್ನಾಕ್, 2 ಹಿಸ್ಸಾ. ಇಷ್ಟೇ. ಒಂದು ಸಾಲಿನಲ್ಲಿ ಮುಗಿಯುವ ವಿವರಣೆ ಗೊತ್ತಿಲ್ಲದ್ದಕ್ಕೆ ಜನ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗಬೇಕೇ?

‘ಗೊತ್ತಿಲ್ಲದವರು ಸೈಬರ್ ಸೆಂಟರಿಗೆ ಹೋಗಲಿ, ಗ್ರಾಮ ಒನ್‌ಗೆ ಹೋಗಲಿ, ಬಿಎಲ್‌ಒ ಮನೆಗೇ ಬರುತ್ತಾರಲ್ಲ’ ಅನ್ನುವವರಿದ್ದಾರೆ. ಸೆಂಟರಿನ ಹುಡುಗನೂ ಒತ್ತುವುದು ಅದೇ ಗುಂಡಿಯನ್ನೇ. ಅವನಿಗೂ ಹಳೇ ಕ್ಷೇತ್ರದ ಹೆಸರು ಗೊತ್ತಿಲ್ಲದಿದ್ದರೆ ಅವನೂ ‘ಇಲ್ಲ’ ಅಂತಾನೆ, ಕಾಸು ಮಾತ್ರ ತಗೊಳ್ತಾನೆ. ಬಿಎಲ್‌ಒ ಆಗಿ ಬರುವ ಅಂಗನವಾಡಿ ಕಾರ್ಯಕರ್ತೆಗೂ, ಮೇಷ್ಟ್ರಿಗೂ ಬೇಕಾದ್ದು ಇದೇ ವಿವರಣೆ. ಚೆನ್ನಾಗಿ ಬರೆದ ಒಂದು ಪುಟ ಇವರೆಲ್ಲರ ಕೆಲಸವನ್ನೂ ಹಗುರ ಮಾಡುತ್ತದೆ.

ಹುಡುಕುವ ಸೌಲಭ್ಯ ಹಕ್ಕಿನ ಪ್ರಶ್ನೆಯೂ ಹೌದು. ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಿದ್ದೇನು? ಆ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ, ಎಪಿಕ್ ನಂಬರಿನಿಂದ ಹುಡುಕುವಂತೆ ಮಾಡಿ ಅಂತ. ಅಂದರೆ ಪಟ್ಟಿ ಹಾಕಿದರೆ ಸಾಲದು, ಜನರಿಗೆ ಅದರಲ್ಲಿ ತಮ್ಮ ಹೆಸರು ಹುಡುಕಲು ಬರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ: ದಾಖಲೆಗಳನ್ನು ವಿಂಗಡಿಸಿ ಸೂಚಿ ಮಾಡಿಡಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಂಡು ಜನರಿಗೆ ಮುಟ್ಟಿಸಬೇಕು.

ಹಾಗಾಗಿ ನಾವು ಕೇಳುವುದು ಇಷ್ಟು.

ಒಂದು, ಪ್ರತಿ ಹುಡುಕುವ ಪುಟಕ್ಕೂ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ವಿವರಣೆ ಬೇಕು. ಪ್ರತಿ ಖಾನೆಗೂ ಒಂದು ಉದಾಹರಣೆ ಇರಬೇಕು.

ಎರಡು, ‘ದಾಖಲೆ ಸಿಗಲಿಲ್ಲ’ ಅಂತ ಬಂದರೆ ಅದರ ಕೆಳಗೇ ಮುಂದೇನು ಅಂತ ಇರಬೇಕು: ಇದರರ್ಥ ಹೆಸರು ತೆಗೆದಿದ್ದಾರೆ ಅಂತಲ್ಲ, ಹೀಗೆ ಹುಡುಕಿ, ಆಗಲೂ ಸಿಗದಿದ್ದರೆ ಇಂಥವರನ್ನು ಕೇಳಿ.

ಮೂರು, ವಿವರಣೆಯನ್ನು ಕೊನೆಯ ಬಾರಿ ಯಾವಾಗ ಪರಿಶೀಲಿಸಿದರು ಅಂತ ತಾರೀಕು ಹಾಕಬೇಕು. ಪುಟ ಬದಲಾದ ದಿನವೇ ವಿವರಣೆಯೂ ಬದಲಾಗಬೇಕು.

ನಾಲ್ಕು, ಅದನ್ನು ಬರೆದವರೇ ಓದಿ ‘ಸರಿಯಿದೆ’ ಅನ್ನಬಾರದು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹತ್ತು ಜನರ ಕೈಗೆ ಮೊಬೈಲ್ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಬೇಕು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಬರಹ ಸೋತಿದೆ. ಆ ಸಾಲನ್ನು ತಿದ್ದಬೇಕು.

ನೀವೂ ಸುಮ್ಮನಿರಬೇಡಿ. ಹುಡುಕಿ ಸಿಗದಿದ್ದಾಗ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಯಾವ ಸಾಲು ಅರ್ಥವಾಗಲಿಲ್ಲ ಅಂತ ಬರೆದು ಗ್ರಾಮಸಭೆಯಲ್ಲಿ ಕೇಳಿ. ‘ನಮಗೆ ಓದು ಬರಲ್ಲ’ ಅಂತ ತಲೆ ತಗ್ಗಿಸುವ ಅಗತ್ಯವಿಲ್ಲ. ತಲೆ ತಗ್ಗಿಸಬೇಕಾದವರು ಜನರ ದಾಖಲೆಯನ್ನು ಜನರಿಗೇ ಅರ್ಥವಾಗದ ಹಾಗೆ ಇಟ್ಟವರು.