ಬಂಡಿಗೆ ಕೀಲೆಣ್ಣೆ ಹಾಕಿದ ಕೈ ಬೈಕಿಗೆ ಯಾಕೆ ಹಿಂಜರಿಯಬೇಕು?

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಏಳು ಎಕರೆ ಮಳೆಯಾಶ್ರಿತ ಜಮೀನು. ಶೇಂಗಾ ಮುಖ್ಯ ಬೆಳೆ, ಅಕ್ಕಡಿಯಲ್ಲಿ ತೊಗರಿ. ನಾನು ಓದಿದ್ದು ಏಳನೇ ಕ್ಲಾಸು, ಮೆಕ್ಯಾನಿಕ್ ಅಲ್ಲ. ಆದರೂ ಗಾಡಿಯ ಆರೈಕೆ ಬಗ್ಗೆ ಬರೆಯಲು ಕೂತಿದ್ದೇನೆ. ಪೆಟ್ಟು ತಿಂದವನಿಗೆ ಹೇಳುವ ಹಕ್ಕಿದೆ ಅಂತ ನನ್ನ ನಂಬಿಕೆ.

ನಮ್ಮಪ್ಪನ ಕಾಲದಲ್ಲಿ ಎತ್ತಿನ ಬಂಡಿ ಸಂತೆಗೆ ಹೊರಡಬೇಕಾದರೆ ಮೊದಲು ಕಡಾಣಿ ತೆಗೆದು ಅಚ್ಚಿಗೆ ಕೀಲೆಣ್ಣೆ ಬಳಿಯಬೇಕು. ಆಮೇಲೇ ನೊಗಕ್ಕೆ ಎತ್ತು. ಮುರಿದ ಗಾಲಿ ಬಡಗಿ ಮನೆಗೆ ಹೋಗುತ್ತಿತ್ತು, ಹಳಿ ಕಟ್ಟಲು ಕಮ್ಮಾರನ ಹತ್ತಿರ ಹೋಗುತ್ತಿತ್ತು. ಆದರೆ ಕೀಲೆಣ್ಣೆ ಹಾಕಿಸಲು ಯಾರೂ ಬಡಗಿ ಮನೆಗೆ ಬಂಡಿ ಹೊಡೆಯುತ್ತಿರಲಿಲ್ಲ. ಅದು ಮನೆಯವರ ಕೆಲಸ.

ಈಗ ಮನೆಮನೆಗೂ ಬೈಕು, ಮೊಪೆಡ್ಡು. ಚೈನಿಗೆ ಎರಡು ತೊಟ್ಟು ಎಣ್ಣೆ ಬಿಡುವುದಕ್ಕೂ ನಾವು ಗ್ಯಾರೇಜಿಗೆ ಓಡುತ್ತೇವೆ, ಇಲ್ಲವೇ ಬಿಟ್ಟೇ ಬಿಡುತ್ತೇವೆ. ಆಯುಧಪೂಜೆ ದಿನ ತೊಳೆದು ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆವತ್ತೂ ಇಂಜಿನ್ ಆಯಿಲ್ ಎಷ್ಟಿದೆ ಅಂತ ನೋಡುವುದಿಲ್ಲ.

ನಾನೂ ಹಾಗೇ ಇದ್ದೆ. 2019ರ ಜುಲೈ, ಪುನರ್ವಸು ಮಳೆ ಒಳ್ಳೆ ಹದ ಕೊಟ್ಟಿತ್ತು. ಬಾಡಿಗೆ ಟ್ರ್ಯಾಕ್ಟರಿನ ಕೂರಿಗೆಯವನು ಮಧ್ಯಾಹ್ನಕ್ಕೆ ಬರುತ್ತೇನೆ ಅಂದಿದ್ದ. ಎರಡು ಚೀಲ ಬೀಜ ಕಮ್ಮಿ ಬಿದ್ದಿತ್ತು, ತರಲು ಬೈಕಿನಲ್ಲಿ ಹೋದೆ. ವಾಪಸ್ ಬರುವಾಗ ನಡುದಾರಿಯಲ್ಲಿ ಗಾಡಿ ಬಿಗಿದುಕೊಂಡು ನಿಂತಿತು. ಕಿಕ್ಕರ್ ಕಲ್ಲಿನ ಹಾಗೆ. ಆಳೆತ್ತರದ ಗಾಳಿ, ಬಿಸಿಲು, ಮುಂದೆ ಎರಡು ಚೀಲ ಬೀಜ. ಮಗ ಹುಡುಕಿಕೊಂಡು ಬರುವ ಹೊತ್ತಿಗೆ ಸಂಜೆ. ಕೂರಿಗೆಯವನು ಬೇರೆ ಹೊಲಕ್ಕೆ ಹೋಗಿಯಾಗಿತ್ತು.

ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಆಯಿಲ್ ತಳ ಕಂಡಿತ್ತು. ಪಿಸ್ಟನ್, ಬೋರು ಎರಡೂ ಹೋಗಿದ್ದವು. ನಾಲ್ಕೂವರೆ ಸಾವಿರ ಬಿಲ್ಲು. "ಯಜಮಾನ್ರೇ, ಆಯಿಲ್ ಯಾವಾಗ ನೋಡಿದ್ರಿ?" ಅಂದ. ಎರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಬಿತ್ತನೆ ಹೊತ್ತಿನ ದುಡ್ಡು ಎಂಥದ್ದು ಅಂತ ಒಣಬೇಸಾಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿಗೆ ಹದ ಆರಿತು. ಮುಂದಿನ ಮಳೆ ಬಂದದ್ದು ಹನ್ನೆರಡು ದಿನಕ್ಕೆ. ಆ ವರ್ಷ ಶೇಂಗಾ ಕಿತ್ತಾಗ ಎಕರೆಗೆ ಎರಡು ಚೀಲ ಕಮ್ಮಿ ಬಂತು. ಎಲ್ಲವೂ ಬೈಕಿನ ತಲೆಗೇ ಕಟ್ಟಲಾರೆ. ಆದರೆ ನನ್ನ ತಪ್ಪೂ ಅದರಲ್ಲಿತ್ತು.

ಅವತ್ತಿನಿಂದ ಮನೆಯಲ್ಲಿ ನೋಡಿಕೊಳ್ಳುವುದನ್ನು ಕಲಿತೆ. ದೊಡ್ಡ ವಿದ್ಯೆಯೇನಲ್ಲ. ನೂರು ಸಿಸಿ ಗಾಡಿಯ ಇಂಜಿನ್ನಿಗೆ ಒಂದು ಲೀಟರಿನ ಆಸುಪಾಸು ಆಯಿಲ್ ಹಿಡಿಯುತ್ತದೆ. ಗಿಯರು, ಕ್ಲಚ್ಚು, ಪಿಸ್ಟನ್ ಎಲ್ಲಕ್ಕೂ ಅದೇ. ಹಳೇ ಗಾಡಿ ಸ್ವಲ್ಪ ಸ್ವಲ್ಪ ಸುಡುತ್ತಲೂ ಇರುತ್ತದೆ. ಅರ್ಧ ಲೀಟರ್ ಇಳಿದರೆ ಉಳಿಯುವುದೇನು? ಗಾಡಿಯನ್ನು ಸಮನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಚಾಲೂ ಮಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆ ಕಡ್ಡಿ ತೆಗೆದು ಒರೆಸಬೇಕು. ನಮ್ಮ ಗಾಡಿಯಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಟ್ಟು ತೆಗೆದು ನೋಡಬೇಕು. ಆಯಿಲ್ ಎರಡು ಗೆರೆಗಳ ನಡುವೆ ಇದ್ದರೆ ಸರಿ. ಹಾಕುವ ಆಯಿಲ್ ಬೈಕಿನದೇ ಇರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವುದುಂಟು.

ಮೊಪೆಡ್ ಇಟ್ಟವರಿಗೆ ಒಂದು ಮಾತು. ಹಳೇ ಎಕ್ಸೆಲ್ ಸೂಪರ್ ಎರಡು ಸ್ಟ್ರೋಕಿನದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುತ್ತಿದ್ದೆವು. ಈಗಿನ ಎಕ್ಸೆಲ್ 100 ನಾಲ್ಕು ಸ್ಟ್ರೋಕಿನದು. ಪೆಟ್ರೋಲಿಗೆ ಬೆರೆಸುವಂತಿಲ್ಲ, ಇಂಜಿನ್ನಿನಲ್ಲಿ ಬೇರೆ ಆಯಿಲ್ ಇದೆ, ಅದನ್ನು ಬದಲಿಸಬೇಕು. ಹಳೇ ಅಭ್ಯಾಸದವರು ಇದನ್ನು ಮರೆಯುತ್ತಾರೆ.

ಚೈನು ನಮ್ಮ ಕೆಂಧೂಳಿಗೆ ಬೇಗ ಸವೆಯುತ್ತದೆ. ಬಟ್ಟೆಯಿಂದ ಒರೆಸಿ, 90 ನಂಬರಿನ ಗಿಯರ್ ಆಯಿಲ್ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಬೇಕು. ಇಂಜಿನ್ ಚಾಲೂ ಇಟ್ಟುಕೊಂಡು ಚೈನಿಗೆ ಯಾವತ್ತೂ ಕೈ ಹಾಕಬೇಡಿ. ಬೆರಳು ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬಿಗಿ ಮಾಡುವಾಗ ಎರಡೂ ಕಡೆಯ ಗುರುತು ಸಮ ಬರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಏರ್ ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಯಿಲ್ ಸೋಕಿಸಿ ಹಿಂಡಿ ಹಾಕಬಹುದು. ಕಾಗದದ್ದಾದರೆ ತೊಳೆಯಬಾರದು, ಹೊಸದೇ ಹಾಕಬೇಕು.

"ಅಪ್ಪಾ, ಇದು ಎತ್ತಲ್ಲ. ಕೈ ಹಾಕಿ ಕೆಡಿಸಬೇಡ" ಅಂತ ಮಗ ತಡೆದಿದ್ದ. ಅವನ ಮಾತಿನಲ್ಲೂ ಸತ್ಯವಿತ್ತು. ಮೊದಲ ಸಲ ಆಯಿಲ್ ಬದಲಿಸಿದಾಗ ಕೆಳಗಿನ ಬೋಲ್ಟನ್ನು ಕಡಾಣಿ ಬಡಿದ ಹಾಗೆ ಬಿಗಿದೆ. ಒಳಗಿನ ಮರೆ ಕಿತ್ತುಹೋಯಿತು. ಇಂಜಿನ್ನಿನ ಹೊರಮೈ ಅಲ್ಯೂಮಿನಿಯಂ, ಕಬ್ಬಿಣದ ಬೋಲ್ಟಿಗೆ ತಡೆಯುವುದಿಲ್ಲ. ಅದಕ್ಕೆ ಮತ್ತೆ ಆರುನೂರು ರೂಪಾಯಿ. ಈಗ ರಿಂಗ್ ಸ್ಪ್ಯಾನರಿನಲ್ಲಿ ಒಂದೇ ಕೈ ಬಲ ಹಾಕುತ್ತೇನೆ.

ಹಾಗಂತ ಎಲ್ಲವನ್ನೂ ನಾವೇ ಮಾಡಬೇಕು ಅನ್ನುವವನು ನಾನಲ್ಲ. ಹೊಸ ಗಾಡಿಯ ವಾರಂಟಿ ಇರುವ ತನಕ ಕಂಪನಿ ಸರ್ವೀಸೇ ಸರಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಇಂಜೆಕ್ಷನ್ನು, ಸೆನ್ಸರು ಇವೆ. ಅವಕ್ಕೆ ಕೈ ಹಾಕಬೇಡಿ. ಬ್ರೇಕ್ ಹಿಡಿಯದಿದ್ದರೆ ತಿಳಿದವರಿಗೇ ತೋರಿಸಿ. ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೆದಂತಾಗದೇ ಎಂದು ಕೆಲವರು ಕೇಳುತ್ತಾರೆ. ನಮ್ಮೂರ ಮೆಕ್ಯಾನಿಕ್ಕೇ ನನಗೆ ಕಲಿಸಿದ್ದು. "ಎಣ್ಣೆ ಇಲ್ದೆ ಸತ್ತ ಇಂಜಿನ್ ಬಿಚ್ಚೋಕೆ ನಂಗೂ ಬೇಜಾರು" ಅಂದ. ಹಳೇ ಆಯಿಲನ್ನು ನಾನು ಹೊಲಕ್ಕೋ ಚರಂಡಿಗೋ ಚೆಲ್ಲುವುದಿಲ್ಲ. ಡಬ್ಬಕ್ಕೆ ತುಂಬಿ ಅವನಿಗೇ ಕೊಡುತ್ತೇನೆ. ಬಾವಿ ನೀರು ಕೆಡಿಸಿಕೊಂಡು ಗಾಡಿ ಉಳಿಸಿ ಏನು ಮಾಡೋದು?

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ತಿಂಗಳ ಮೊದಲ ಸೋಮವಾರ ಅರ್ಧ ಗಂಟೆ ಗಾಡಿಗೆ ಅಂತ ಇಟ್ಟಿದ್ದೇನೆ. ಆಯಿಲ್, ಚೈನು, ಟೈರಿನ ಗಾಳಿ, ಬ್ರೇಕು, ಲೈಟು ನೋಡಿ, ಬದಲಿಸಿದ ದಿನಾಂಕ, ಕಿಲೋಮೀಟರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಈಗ ಬರೆಯುವವಳು ಸೊಸೆ. ಹಾಲಿನ ಡೇರಿಗೆ ಮೊಪೆಡ್ ಓಡಿಸುವವಳು ಅವಳೇ, ಹಾಗಾಗಿ ಕಲಿಯುವ ಹಕ್ಕು ಮೊದಲು ಅವಳದು.

ನಮ್ಮ ಕೃಷಿ ತರಬೇತಿಗಳಲ್ಲಿ ಔಷಧಿ, ಗೊಬ್ಬರದ ಪಾಠ ಬೇಕಾದಷ್ಟು ಆಗುತ್ತದೆ. ಅರ್ಧ ದಿನ ಒಬ್ಬ ಹಳ್ಳಿ ಮೆಕ್ಯಾನಿಕ್ಕನ್ನು ಕರೆಸಿ ಇದನ್ನೂ ಹೇಳಿಸಬಾರದೇ? ಗಾಡಿ ಕೊಳ್ಳುವಾಗ ಕೊಡುವ ಪುಸ್ತಕವನ್ನು ಕನ್ನಡದಲ್ಲೇ ಕೊಡಿ ಎಂದು ನಾವೂ ಕೇಳಬೇಕು. ಅಲ್ಲಿಯತನಕ, ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದುಹೋಗಿ ನಿಮ್ಮ ಗಾಡಿಯ ಅಳತೆ ಕಡ್ಡಿ ತೆಗೆದು ನೋಡಿ.