ಅರ್ಧ ಎಂಜಿನ್ನೋ, ಪೂರ್ಣ ಎಂಜಿನ್ನೋ? ಬೆಲೆಗಿಂತ ಮೊದಲು ಕಾರಣ ತಿಳಿಯಲಿ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅಂಗಡಿ ಇರಿಸಿಕೊಂಡ ವ್ಯಾಪಾರಿಗೂ, ಬೇಳೆ ಗಿರಣಿ ನಡೆಸುವ ಸಣ್ಣ ಉದ್ಯಮಿಗೂ ಸರಕು ಸಾಗಣೆಯ ವಾಹನವು ಬಂಡವಾಳದ ಮುಖ್ಯ ಭಾಗವಾಗಿದೆ. ಹೊಸ ತೊಗರಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಅಂತಹ ವಾಹನದ ಎಂಜಿನ್ ಕೈಕೊಟ್ಟರೆ ಮಾಲೀಕನು ಅವಸರದಲ್ಲಿಯೇ ಒಂದು ನಿರ್ಧಾರ ಕೈಗೊಳ್ಳಬೇಕಾಗುತ್ತದೆ. ಹಾಫ್ ಎಂಜಿನ್ ತರಿಸಬೇಕೆ, ಫುಲ್ ಎಂಜಿನ್ ತರಿಸಬೇಕೆ? ಬಹಳಷ್ಟು ಸಲ ಈ ಪ್ರಶ್ನೆಯು ದರಪಟ್ಟಿಯನ್ನು ನೋಡಿದ ಮಾತ್ರದಿಂದಲೇ ಇತ್ಯರ್ಥವಾಗಿಬಿಡುತ್ತದೆ. ಈ ಕ್ರಮ ಸರಿಯಾದುದಲ್ಲ. ಹಳೆಯ ಎಂಜಿನ್ ಯಾವ ಕಾರಣದಿಂದ ಕೆಟ್ಟಿತು ಎಂಬುದು ತಿಳಿಯುವ ಮೊದಲು ಯಾವ ಎಂಜಿನ್ ಅಗ್ಗವೆಂದು ಹೇಳಲು ಸಾಧ್ಯವಿಲ್ಲ.

ಮೊದಲು ಈ ಎರಡರ ವ್ಯತ್ಯಾಸವನ್ನು ಗಮನಿಸಬೇಕು. ಹಾಫ್ ಎಂಜಿನ್ ಎಂದರೆ ಸಿಲಿಂಡರ್ ಬ್ಲಾಕ್, ಅದರೊಳಗಿನ ಕ್ರ್ಯಾಂಕ್, ಬೇರಿಂಗ್‌ಗಳು, ಕನೆಕ್ಟಿಂಗ್ ರಾಡ್, ಪಿಸ್ಟನ್ ಹಾಗೂ ರಿಂಗುಗಳು. ಫುಲ್ ಎಂಜಿನ್‌ನಲ್ಲಿ ಇವುಗಳ ಮೇಲೆ ಹೆಡ್, ವಾಲ್ವ್‌ಗಳು, ಕ್ಯಾಮ್, ಟೈಮಿಂಗ್ ವ್ಯವಸ್ಥೆ ಮುಂತಾದವು ಜೋಡಣೆಗೊಂಡು ಬರುತ್ತವೆ. ಆದರೆ ‘ಫುಲ್’ ಎಂಬ ಹೆಸರನ್ನು ನಂಬಿ ಮೋಸಹೋಗಬಾರದು. ಡೀಸೆಲ್ ಪಂಪ್, ಇಂಜೆಕ್ಟರ್, ಟರ್ಬೊ, ಸ್ಟಾರ್ಟರ್, ಆಲ್ಟರ್ನೇಟರ್‌ಗಳು ಅದರೊಡನೆ ಬರುತ್ತವೆಯೋ ಇಲ್ಲವೋ ಎಂಬುದು ಮಾರಾಟಗಾರರಿಂದ ಮಾರಾಟಗಾರರಿಗೆ ಬದಲಾಗುತ್ತದೆ. ಬ್ಲಾಕ್ ಮತ್ತು ಕ್ರ್ಯಾಂಕ್ ಸುಸ್ಥಿತಿಯಲ್ಲಿದ್ದಲ್ಲಿ ಬೋರ್ ಮಾಡಿಸಿ ಅಥವಾ ಲೈನರ್ ಬದಲಾಯಿಸಿ, ಹೊಸ ಪಿಸ್ಟನ್ ಹಾಕಿಸುವ ಮೂರನೆಯ ಮಾರ್ಗವೂ ಇದೆ. ಅಳತೆ ಮಾಡಿಸದೆ ಇದನ್ನು ತಳ್ಳಿಹಾಕುವುದು ಜಾಣತನವಲ್ಲ.

ಎಂಜಿನ್ ಕೆಡುವ ಕಾರಣಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸಹಜ ಸವಕಳಿ. ವರ್ಷಗಟ್ಟಲೆ ಓಡಿದ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ, ಕಂಪ್ರೆಶನ್ ಕುಗ್ಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಇಂತಹ ಸಂದರ್ಭದಲ್ಲಿ ಹೆಡ್ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ವಾಲ್ವ್ ಗ್ರೈಂಡಿಂಗ್ ಮಾಡಿಸಿ ಹೊಸ ಹಾಫ್ ಎಂಜಿನ್ ಮೇಲೆ ಕೂರಿಸುವುದು ಯೋಗ್ಯ ಮಾರ್ಗ.

ಎರಡನೆಯದು ಕಾವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಭಾಗದಲ್ಲಿ ರೇಡಿಯೇಟರ್ ನೀರು ಬತ್ತಿ ಎಂಜಿನ್ ಕಾದು ನಿಲ್ಲುವುದು ಅಪರೂಪವಲ್ಲ. ಕಾದ ಎಂಜಿನ್‌ನಲ್ಲಿ ಮೊದಲು ಬಾಗುವುದು ಅಥವಾ ಬಿರಿಯುವುದು ಸಾಮಾನ್ಯವಾಗಿ ಹೆಡ್ ಆಗಿರುತ್ತದೆ. ಅದೇ ಹೆಡ್ಡನ್ನು ಪರೀಕ್ಷಿಸದೆ ಹೊಸ ಹಾಫ್ ಎಂಜಿನ್ ಮೇಲೆ ಕೂರಿಸಿದರೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ, ಹೊಸ ಎಂಜಿನ್ನೂ ಹಾಳಾಗುತ್ತದೆ. ಇಲ್ಲಿ ಉಳಿತಾಯದ ಹೆಸರಿನಲ್ಲಿ ಎರಡು ಸಲ ಹಣ ತೆತ್ತಂತಾಗುತ್ತದೆ.

ಮೂರನೆಯದು ಆಯಿಲ್ ಕೊರತೆ. ಬೇರಿಂಗ್ ಸವೆದು ಕ್ರ್ಯಾಂಕ್ ಹಿಡಿದುಕೊಂಡಾಗ ಲೋಹದ ಪುಡಿಯು ಆಯಿಲ್‌ನೊಡನೆ ಹೆಡ್, ಟರ್ಬೊ ಮತ್ತು ಆಯಿಲ್ ಕೂಲರ್‌ಗಳಿಗೂ ಹರಿದಿರುತ್ತದೆ. ಆಗ ಹಾಫ್ ಎಂಜಿನ್ ಇರಲಿ, ಫುಲ್ ಎಂಜಿನ್ ಇರಲಿ, ಹಳೆಯ ಕೂಲರ್ ಮತ್ತು ಟರ್ಬೊವನ್ನು ಶುಚಿಗೊಳಿಸದೆ ಅಥವಾ ಬದಲಾಯಿಸದೆ ಜೋಡಿಸುವುದು ಹೊಸ ಎಂಜಿನ್‌ಗೆ ತಾನಾಗಿಯೇ ಮರಳು ಸುರಿದಂತೆ.

ಈ ಅರ್ಧ–ಪೂರ್ಣ ವಿಭಜನೆಯು ಕೇವಲ ಸರಕು ವಾಹನಗಳಿಗೆ ಸೀಮಿತವಾದುದಲ್ಲ. ಅಮೆರಿಕದ ವೇಗದ ಕಾರುಗಳ ಲೋಕದಲ್ಲಿ ಇವುಗಳಿಗೆ ಶಾರ್ಟ್ ಬ್ಲಾಕ್, ಲಾಂಗ್ ಬ್ಲಾಕ್ ಎಂಬ ಹೆಸರುಗಳಿದ್ದು, ಪೂರ್ತಿ ಜೋಡಿಸಿ ಪೆಟ್ಟಿಗೆಯಲ್ಲಿ ಬರುವುದನ್ನು ಕ್ರೇಟ್ ಎಂಜಿನ್ ಎನ್ನುತ್ತಾರೆ. ಅಲ್ಲಿ ಶಾರ್ಟ್ ಬ್ಲಾಕ್ ಕೊಳ್ಳುವವನು ತನಗೆ ಬೇಕಾದ ಹೆಡ್ ಮತ್ತು ಕ್ಯಾಮನ್ನು ತಾನೇ ಆಯ್ದುಕೊಳ್ಳಬಲ್ಲ ಪರಿಣತ. ಆದರೆ ಹೀಗೆ ಆಯ್ಕೆಗೆ ಅವಕಾಶವಿದ್ದಲ್ಲಿ ಖರ್ಚಿಗೆ ಕೊನೆಯೇ ಇಲ್ಲವೆಂಬುದನ್ನು ಕಂಡುಕೊಂಡ ಅನೇಕ ಸ್ಥಳೀಯ ರೇಸುಗಳ ಸಂಘಟಕರು, ಜನರಲ್ ಮೋಟಾರ್ಸ್ ಕಂಪನಿಯು ಕಾರ್ಖಾನೆಯಲ್ಲಿಯೇ ಮೊಹರು ಮಾಡಿ ಕೊಡುವ 602 ಮತ್ತು 604 ಎಂಬ ಪೂರ್ಣ ಎಂಜಿನ್‌ಗಳನ್ನು ಒಪ್ಪಿಕೊಂಡರು. ಸುಮಾರು 350 ಮತ್ತು 400 ಅಶ್ವಶಕ್ತಿಯ ಈ ಎಂಜಿನ್‌ಗಳ ಉದ್ದೇಶವೇ ಖರ್ಚಿಗೆ ಮಿತಿ ಹಾಕುವುದು. ಪರಿಣತಿ ಇದ್ದಲ್ಲಿ ಅರ್ಧ ಲಾಭದಾಯಕ, ಖರ್ಚು ಮೊದಲೇ ನಿಶ್ಚಿತವಾಗಬೇಕಿದ್ದಲ್ಲಿ ಪೂರ್ಣ ಲಾಭದಾಯಕ ಎಂಬ ಈ ಪಾಠವು ಲಾರಿಯ ಮಾಲೀಕನಿಗೂ ಅನ್ವಯಿಸುತ್ತದೆ.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ಪರಿಶೀಲಿಸಬಹುದು. ತೆರಿಗೆ ಬಿಟ್ಟು ಹಾಫ್ ಎಂಜಿನ್‌ಗೆ 1,00,000 ರೂಪಾಯಿ, ಫುಲ್ ಎಂಜಿನ್‌ಗೆ 1,60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ವ್ಯತ್ಯಾಸ 60,000 ರೂಪಾಯಿ. ಹೆಡ್ ಕೆಲಸಕ್ಕೆ 25,000, ಗ್ಯಾಸ್ಕೆಟ್, ಬೋಲ್ಟ್ ಮತ್ತು ಟೈಮಿಂಗ್ ಭಾಗಗಳಿಗೆ 15,000 ಸೇರಿದರೆ ಅದು 20,000ಕ್ಕೆ ಇಳಿಯುತ್ತದೆ. ಹೆಡ್ ಕೆಲಸಕ್ಕಾಗಿ ವಾಹನ ಐದು ದಿನ ಹೆಚ್ಚಾಗಿ ನಿಂತು, ದಿನಕ್ಕೆ 4,000 ರೂಪಾಯಿ ದುಡಿಮೆ ತಪ್ಪಿದರೆ ಆ ಉಳಿತಾಯವೂ ಕರಗುತ್ತದೆ. ತೊಗರಿಯ ಹಂಗಾಮಿನಲ್ಲಿ ಎರಡೂ ಸಮಾನ, ಬಿಡುವಿನ ದಿನಗಳಲ್ಲಿ ಹಾಫ್ ಎಂಜಿನ್ ಲಾಭಕರ. ಕಮಲಾಪುರದ ಕೆಂಪು ಬಾಳೆಯಂತಹ ಕೆಡುವ ಸರಕನ್ನು ಸಾಗಿಸುವವನಿಗೆ ಒಂದೊಂದು ದಿನದ ಬೆಲೆ ಇನ್ನೂ ಹೆಚ್ಚು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡತಕ್ಕದ್ದು.

ಕಾನೂನಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಅರ್ಧ ಎಂಜಿನ್ ಬದಲಾವಣೆಯನ್ನು ಕೇವಲ ರಿಪೇರಿ ಎಂದೂ, ಅದಕ್ಕೆ ಆರ್‌ಟಿಒ ಕಚೇರಿಯ ಗೊಡವೆ ಬೇಡವೆಂದೂ ಭಾವಿಸುವುದುಂಟು. ಆದರೆ ಎಂಜಿನ್ ಸಂಖ್ಯೆಯನ್ನು ಸಾಮಾನ್ಯವಾಗಿ ಬ್ಲಾಕ್ ಮೇಲೆಯೇ ಕೊರೆದಿರುತ್ತಾರೆ. ಬ್ಲಾಕ್ ಬದಲಾದರೆ ಆರ್‌ಸಿಯಲ್ಲಿರುವ ಸಂಖ್ಯೆಯೂ ವಾಹನದಲ್ಲಿರುವ ಸಂಖ್ಯೆಯೂ ಹೊಂದುವುದಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೇ ಪ್ರಕರಣವು ವಾಹನದ ಮಾರ್ಪಾಡು ಮತ್ತು ಎಂಜಿನ್ ಬದಲಾವಣೆಯ ಬಗ್ಗೆ ನಿಯಮ ವಿಧಿಸಿದೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳ ಮಾಲೀಕರಿಗೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನು ಪೂರ್ವಾನುಮತಿ ಇಲ್ಲದೆ ಹಾಕಲು ರಾಜ್ಯ ಸರಕಾರವು ಅಧಿಕಾರ ನೀಡಬಹುದಾದರೂ, ಅವರು ಸಹ 14 ದಿನಗಳೊಳಗೆ ವರದಿ ಮಾಡಿ ದಾಖಲೆ ತಿದ್ದಿಸಿಕೊಳ್ಳಬೇಕು. ಒಂದೆರಡು ವಾಹನಗಳ ಮಾಲೀಕರಂತೂ ಮೊದಲೇ ಆರ್‌ಟಿಒ ಕಚೇರಿಯನ್ನು ಸಂಪರ್ಕಿಸುವುದು ಲೇಸು. ವಿಮೆಯ ದಾಖಲೆಯಲ್ಲೂ ಹೊಸ ಸಂಖ್ಯೆ ನಮೂದಾಗಬೇಕು. ಅಪಘಾತವಾದ ಮೇಲೆ ಸಂಖ್ಯೆಯ ವ್ಯತ್ಯಾಸ ಹೊರಬಿದ್ದರೆ ಪರಿಹಾರವು ತಕರಾರಿಗೆ ಸಿಲುಕುತ್ತದೆ.

ಬಿಲ್ಲಿನ ಮಹತ್ವವೂ ಇಲ್ಲಿಯೇ ತಿಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ತೆರಿಗೆಗೆ ಒಳಪಟ್ಟ ಸರಕಿನ ನೋಂದಾಯಿತ ವ್ಯಾಪಾರಿಯು ತನ್ನ ಸರಕು ಸಾಗಣೆ ವಾಹನಕ್ಕೆ ಕೊಂಡ ಎಂಜಿನ್ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಮೇಲಿನ ಉದಾಹರಣೆಯ ಫುಲ್ ಎಂಜಿನ್‌ಗೆ ಈ ಮೊತ್ತ 28,800 ರೂಪಾಯಿ. ಮಾರಾಟವೆಲ್ಲ ತೆರಿಗೆಮುಕ್ತವಾಗಿರುವವರಿಗೆ ಈ ಅನುಕೂಲವಿಲ್ಲ. ಆದಾಗ್ಯೂ ಬಿಲ್ಲಿಲ್ಲದೆ ಗುಜರಿಯಿಂದ ತಂದ ಎಂಜಿನ್‌ಗೆ ಜಮೆಯೂ ಇಲ್ಲ, ಖಾತರಿಯೂ ಇಲ್ಲ, ಅದರ ಸಂಖ್ಯೆ ಯಾವ ವಾಹನದ್ದೆಂಬ ಭರವಸೆಯೂ ಇಲ್ಲ.

ಎಲ್ಲಕ್ಕಿಂತ ಮಿಗಿಲಾದುದು ಹೊಣೆಗಾರಿಕೆಯ ಪ್ರಶ್ನೆ. ಹಾಫ್ ಎಂಜಿನ್ ಮಾರಿದವರು ಒಬ್ಬರು, ಹೆಡ್ ಕೆಲಸ ಮಾಡಿದವರು ಮತ್ತೊಬ್ಬರು, ಜೋಡಿಸಿದ ಮಿಸ್ತ್ರಿ ಇನ್ನೊಬ್ಬರು ಎಂದಾದಾಗ, ಎಂಜಿನ್ ಮತ್ತೆ ಕೆಟ್ಟರೆ ಮೂವರೂ ಪರಸ್ಪರ ಬೆರಳು ತೋರಿಸುತ್ತಾರೆ. ಮಾಲೀಕನು ನಡುವೆ ಸಿಲುಕುತ್ತಾನೆ. ಇದಕ್ಕೆ ಪರಿಹಾರವು ಫುಲ್ ಎಂಜಿನ್ ಒಂದೇ ಅಲ್ಲ. ಹೆಡ್ಡಿನ ಸಮತಟ್ಟು ಮತ್ತು ಬಿರುಕಿನ ಪರೀಕ್ಷೆಯ ಫಲಿತಾಂಶ, ಹಳೆಯ ಎಂಜಿನ್ ಕೆಟ್ಟ ಕಾರಣ, ಬದಲಾಯಿಸಿದ ಭಾಗಗಳ ಪಟ್ಟಿ ಮತ್ತು ಜವಾಬ್ದಾರಿಯ ಅವಧಿ, ಈ ನಾಲ್ಕು ಅಂಶಗಳನ್ನು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿಸಿಕೊಂಡರೆ ವಿವಾದದ ಬಹುಪಾಲು ಮೊದಲೇ ತಪ್ಪುತ್ತದೆ. ಬಿಡಿಭಾಗಗಳ ವ್ಯಾಪಾರಿಗಳು, ಗ್ಯಾರೇಜು ಮಾಲೀಕರು ಹಾಗೂ ವಾಹನ ಮಾಲೀಕರು ಕೂಡಿ ಇಂತಹ ಒಂದು ಸಮಾನ ನಮೂನೆಯನ್ನು ರೂಪಿಸಿಕೊಳ್ಳಲು ವಾಣಿಜ್ಯ ಸಂಸ್ಥೆಯೇ ಸೂಕ್ತ ವೇದಿಕೆ. ಇದರಿಂದ ಪ್ರಾಮಾಣಿಕವಾಗಿ ದುಡಿಯುವ ಸ್ಥಳೀಯ ಮಿಸ್ತ್ರಿಗೂ, ಬೋರಿಂಗ್ ಕೆಲಸದವರಿಗೂ ರಕ್ಷಣೆ ದೊರೆಯುತ್ತದೆ. ಊರಿನಲ್ಲಿಯೇ ಆಗಬಹುದಾದ ಕೆಲಸ ಪರಊರಿಗೆ ಹೋಗುವುದೂ ತಪ್ಪುತ್ತದೆ.

ಒಟ್ಟಿನಲ್ಲಿ, ಸವೆದ ಎಂಜಿನ್‌ಗೆ ಪರೀಕ್ಷಿತ ಹೆಡ್ಡಿನೊಡನೆ ಹಾಫ್ ಎಂಜಿನ್ ಸಾಕು. ಕಾದು ಕೆಟ್ಟ ಎಂಜಿನ್‌ಗೆ, ಹೆಡ್ ನಿರ್ದೋಷವೆಂದು ಸಾಬೀತಾಗದ ಹೊರತು, ಫುಲ್ ಎಂಜಿನ್ನೇ ಮೇಲು. ಎಂಜಿನ್ ಬಿಚ್ಚಿ ಅಳತೆ ನೋಡಲು ತಗಲುವ ಒಂದು ದಿನವನ್ನು ನಷ್ಟವೆಂದು ಯಾವ ಮಾಲೀಕನೂ ಎಣಿಸಬಾರದು. ಮುಂಗಡ ಹಣ ಕೊಡುವುದು ಆ ದಿನದ ನಂತರವೇ ಆಗಲಿ.