ಲಕ್ಕಿ ಸೊಪ್ಪಿನ ಅಣು ಕಂಪ್ಯೂಟರಿಗೆ: ಲಾಭದ ಪಾಲು ಯಾರಿಗೆ?

ಕಾಮಸಮುದ್ರ (ಬಂಗಾರಪೇಟೆ ತಾ.): ಆಂಧ್ರ, ತಮಿಳುನಾಡು ಗಡಿಯಂಚಿನ ಈ ಸೀಮೆಯೂ ಸೇರಿದಂತೆ ರಾಜ್ಯದ ಬಯಲುನಾಡಿನಲ್ಲಿ ಕೀಲುನೋವು, ಊತಕ್ಕೆ ಲಕ್ಕಿ ಸೊಪ್ಪಿನ ಶಾಖ ಕೊಡುವುದು ಹಳೆಯ ಪದ್ಧತಿ. ಅದೇ ಸೊಪ್ಪಿನ ರಾಸಾಯನಿಕಗಳು ಈಗ ಸಂಶೋಧಕರ ಕಂಪ್ಯೂಟರುಗಳಲ್ಲಿ ಪರೀಕ್ಷೆಗೊಳಗಾಗುತ್ತಿವೆ.

ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ರೂಪಿಸಿರುವ 'ಇಂಪ್ಯಾಟ್' ದತ್ತಕೋಶದ 2023ರ ಆವೃತ್ತಿಯಲ್ಲಿ ಭಾರತದ 4,010 ಔಷಧೀಯ ಸಸ್ಯಗಳ 17,967 ರಾಸಾಯನಿಕಗಳ ವಿವರಗಳಿವೆ. ಉರಿಯೂತಕ್ಕೆ ಕಾರಣವಾಗುವ ಕಾಕ್ಸ್-2ರಂತಹ ಪ್ರೋಟೀನಿನ ರಚನೆಯಲ್ಲಿ ಯಾವ ಅಣು ಬೀಗಕ್ಕೆ ಕೀಲಿಯಂತೆ ಕೂರುತ್ತದೆ ಎಂಬುದನ್ನು ತಂತ್ರಾಂಶ ಲೆಕ್ಕಹಾಕಿ ಅಂಕ ನೀಡುತ್ತದೆ. ಸಾವಿರಾರು ಅಣುಗಳಲ್ಲಿ ಪ್ರಯೋಗಾಲಯಕ್ಕೆ ಹೋಗಬೇಕಾದ ಕೆಲವನ್ನು ಆರಿಸಲು ಇದು ನೆರವಾಗುತ್ತದೆ.

ಆದರೆ ಹೆಚ್ಚು ಅಂಕ ಪಡೆದದ್ದೆಲ್ಲ ಔಷಧವಾಗುವುದಿಲ್ಲ. ಅರಿಶಿನದ ಕರ್ಕ್ಯುಮಿನ್ ದೇಹದಲ್ಲಿ ಅಸ್ಥಿರ, ಸರಿಯಾಗಿ ಹೀರಲ್ಪಡುವುದೂ ಇಲ್ಲ ಎಂದು 2017ರ ವಿಮರ್ಶೆಯೊಂದು ಎಚ್ಚರಿಸಿತ್ತು. ಕಾಕ್ಸ್-2 ಅನ್ನೇ ಗುರಿಯಾಗಿಸಿದ್ದ ರೋಫೆಕಾಕ್ಸಿಬ್, ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಗುರಿಗೆ ಸರಿಯಾಗಿ ಕೂರುವುದಷ್ಟೇ ಸಾಲದು ಎಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ಪ್ರಶ್ನೆ ಹಳ್ಳಿಗೆ ಸಂಬಂಧಿಸಿದ್ದು. ಗಾಯ ಮಾಗಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕ ನೀಡಿದ್ದ ಪೇಟೆಂಟನ್ನು ಸಿಎಸ್‌ಐಆರ್ ಪ್ರಶ್ನಿಸಿ, 1997ರಲ್ಲಿ ರದ್ದುಪಡಿಸಿತು. ಆಗ ನೆರವಾದದ್ದು ಬರಹದ ದಾಖಲೆ. ಆದರೆ ದಾಖಲೆಯಿದ್ದ ಮಾತ್ರಕ್ಕೆ ಪಾಲು ದೊರೆಯುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯು ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನದ ಬಳಕೆಗೆ ದೇಶೀಯರಿಗೆ ಲಾಭಹಂಚಿಕೆಯಿಂದ ವಿನಾಯಿತಿ ನೀಡಿದೆ. ಆಯುರ್ವೇದದಲ್ಲಿ ಲಕ್ಕಿ 'ನಿರ್ಗುಂಡಿ' ಎಂದೇ ಪ್ರಸಿದ್ಧ. ಹೀಗಾಗಿ ಅದರ ಪರಿಚಿತ ಬಳಕೆಯ ಹೆಸರಿನಲ್ಲಿ ಹಳ್ಳಿಗರು ಪಾಲು ಕೇಳುವುದು ಕಷ್ಟ. ದತ್ತಕೋಶದಿಂದ ಅಣುವಿನ ರಚನೆ ಪಡೆಯುವವರಿಗೆ ಎಲೆ ಕೀಳುವ ಅಗತ್ಯವೂ ಇಲ್ಲ.

ಉಳಿದ ದಾರಿ, ಗ್ರಂಥಗಳಲ್ಲಿಲ್ಲದ ಸ್ಥಳೀಯ ತಿಳಿವಳಿಕೆಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವುದು. ಯಾವ ಗಿಡ, ಯಾವ ಭಾಗ, ಯಾವ ಬೇನೆಗೆ, ಹೇಳಿದವರು ಯಾರು ಎಂಬ ವಿವರ ಅಲ್ಲಿದ್ದರೆ ಮುಂದೆ ಹಕ್ಕು ಕೇಳಲು ಆಧಾರವಿರುತ್ತದೆ. ಆ ವಿವರವನ್ನು ಯಾರು ಬೇಕಾದರೂ ನಕಲು ಮಾಡದಂತೆ ಕಾಪಾಡುವ ಹೊಣೆಯೂ ಸಮಿತಿಗಳದ್ದೇ. ಬಲ್ಲ ಹಿರಿಯರು ಮರೆಯಾಗುವ ಮುನ್ನ ಈ ಕೆಲಸ ಆಗಬೇಕಿದೆ.